ನೆವಿಲ್ ಡಿಸೋಜಾ: ಮುಂಬಯಿಯ ಗೋಲುಗಾರ

2021ರ ಆಗಸ್ಟ್‌ನಲ್ಲಿ ಥಾಣೆಯಲ್ಲಿ ತೀರಿಕೊಂಡ ಎಸ್.ಎಸ್. ನಾರಾಯಣ್ ಎರಡು ಒಲಿಂಪಿಕ್ಸ್‌ಗಳ ಭಾರತ ತಂಡದಲ್ಲಿದ್ದ ಗೋಲ್‌ಕೀಪರ್. ಒಟ್ಟಪಾಲಂನಲ್ಲಿ ಹುಟ್ಟಿ ಮುಂಬಯಿಯ ಮಾತುಂಗದಲ್ಲಿ ಆಡಿ ಬೆಳೆದ ಅವರನ್ನು ಫುಟ್‌ಬಾಲ್ ಬಳಗ ‘ಬಾಬು’ ಎಂದೇ ಕರೆಯುತ್ತಿತ್ತು. ಅವರ ಜೊತೆ 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋದ ಮುಂಬಯಿಯ ಮತ್ತೊಬ್ಬರು ಮೈದಾನದ ಎದುರು ತುದಿಯಲ್ಲಿ ಆಡುವವರು. ಅವರೇ ಸೆಂಟರ್ ಫಾರ್ವರ್ಡ್ ನೆವಿಲ್ ಡಿಸೋಜಾ.

ನೆವಿಲ್ ಗೋವಾದ ಅಸ್ಸಗಾಂವ್‌ನವರು, ಹುಟ್ಟಿದ್ದು 1932ರಲ್ಲಿ. ಆಗ ಮುಂಬಯಿಯಲ್ಲಿ ಆಟಗಾರರಿಗೆ ಆಸರೆಯಾಗಿದ್ದದ್ದು ಕಂಪನಿ ತಂಡಗಳು. ನೆವಿಲ್ ಟಾಟಾ ತಂಡದಲ್ಲಿ ಹೆಸರು ಮಾಡಿದರು. ನಾರಾಯಣ್ ಟಾಟಾಗೂ ಕಾಲ್ಟೆಕ್ಸ್‌ಗೂ ಆಡಿದರು. ಮುಂಬಯಿಯಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ 1958ರಲ್ಲಿ ಕಾಲ್ಟೆಕ್ಸ್ ಪಾಲಾಯಿತು. ಈ ಕಪ್ಪಿನ ಮಾತು ಬಂದಾಗ ಕನ್ನಡಿಗರು ಎದೆಯುಬ್ಬಿಸಬಹುದು: ಬ್ರಿಟಿಷ್ ಸೈನಿಕ ತಂಡಗಳ ಕೈಯಲ್ಲೇ ಇದ್ದ ಅದನ್ನು 1937ರಲ್ಲಿ ಗೆದ್ದುತಂದವರು ಬೆಂಗಳೂರು ಮುಸ್ಲಿಮ್ಸ್ ಆಟಗಾರರು.

ಮೆಲ್ಬರ್ನ್‌ನಲ್ಲಿ ಹಂಗೇರಿ ಹಿಂದೆ ಸರಿದದ್ದರಿಂದ ಭಾರತ ಆಡದೆಯೇ ಕ್ವಾರ್ಟರ್ ಫೈನಲ್ ತಲುಪಿತು. ಡಿಸೆಂಬರ್ 1ರಂದು ಎದುರಾದದ್ದು ಆತಿಥೇಯ ಆಸ್ಟ್ರೇಲಿಯಾ. ಒಂಬತ್ತನೇ ನಿಮಿಷದಲ್ಲಿ ಅಡ್ಡಪಟ್ಟಿಗೆ ಬಡಿದು ಹಿಂದಕ್ಕೆ ಚಿಮ್ಮಿದ ಚೆಂಡಿಗೆ ನೆವಿಲ್ ತಲೆಯೊಡ್ಡಿದರು. ಮೊದಲ ಗೋಲು. ಬ್ರೂಸ್ ಮಾರೋ ಸಮ ಮಾಡಿದರು. 33ನೇ ನಿಮಿಷದಲ್ಲಿ ನೆವಿಲ್ ಮತ್ತೆ ಮುನ್ನಡೆ ತಂದರೆ, ಮಾರೋ ಮತ್ತೆ ಅಳಿಸಿದರು. ವಿರಾಮದ ನಂತರ ಐದೇ ನಿಮಿಷಕ್ಕೆ ನೆವಿಲ್‌ರ ಮೂರನೆಯ ಗೋಲು ಬಂತು. ಕೊನೆಗೆ ಕೃಷ್ಣಸ್ವಾಮಿ ಅಲಿಯಾಸ್ ಕಿಟ್ಟು ನಾಲ್ಕನೆಯದನ್ನು ಸೇರಿಸಿದರು. 4–2. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಏಷ್ಯನ್ ಎಂಬ ಹೆಸರು ನೆವಿಲ್‌ರದಾಯಿತು.

ಆ ಮೊದಲ ಗೋಲೇ ಅವರ ಕಸುಬನ್ನು ಚೆನ್ನಾಗಿ ತೋರಿಸುತ್ತದೆ. ಅಡ್ಡಪಟ್ಟಿಗೆ ತಗುಲಿದ ಚೆಂಡು ಯಾವ ಕಡೆ ಹಾರುತ್ತದೆಂದು ಯಾರೂ ಹೇಳಲಾರರು. ಗೋಲುಗಾರನಾದವನು ಅದು ತಗುಲುವ ಮೊದಲೇ ಓಟ ಶುರು ಮಾಡಿರಬೇಕು. ಹತ್ತರಲ್ಲಿ ಒಂಬತ್ತು ಬಾರಿ ಆ ಓಟ ದಂಡವಾದೀತು. ಆದರೂ ಓಡಬೇಕು.

ಸೆಮಿಫೈನಲ್‌ನಲ್ಲಿ ಬಲಾಢ್ಯ ಯುಗೊಸ್ಲಾವಿಯಾ ವಿರುದ್ಧ ಮೊದಲ ಗೋಲು ಹೊಡೆದವರೂ ಅವರೇ, 52ನೇ ನಿಮಿಷದಲ್ಲಿ. ಆ ಮುನ್ನಡೆ ಉಳಿದದ್ದು ಎರಡೇ ನಿಮಿಷ. ಪಂದ್ಯ 1–4ರಲ್ಲಿ ಕೈತಪ್ಪಿತು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ 3–0ರಿಂದ ಗೆದ್ದಿತು. ತರಬೇತುದಾರ ಸೈಯದ್ ಅಬ್ದುಲ್ ರಹೀಮ್, ನಾಯಕ ಸಮರ್ ಬ್ಯಾನರ್ಜಿ, ನಮ್ಮ ಮೈಸೂರು ರಾಜ್ಯದ ಹಾಫ್‌ಬ್ಯಾಕ್ ಕೆಂಪಯ್ಯ ಇದ್ದ ಆ ತಂಡದ ನಾಲ್ಕನೇ ಸ್ಥಾನ ಒಲಿಂಪಿಕ್ಸ್‌ನಲ್ಲಿ ಭಾರತೀಯ ಫುಟ್‌ಬಾಲ್ ಏರಿದ ಅತಿ ಎತ್ತರದ ಮೆಟ್ಟಿಲು. ನಾಲ್ಕು ಗೋಲುಗಳ ನೆವಿಲ್, ಯುಗೊಸ್ಲಾವಿಯಾದ ವೆಸೆಲಿನೊವಿಚ್ ಮತ್ತು ಬಲ್ಗೇರಿಯಾದ ಮಿಲನೊವ್ ಜೊತೆ, ಕೂಟದ ಅತಿ ಹೆಚ್ಚು ಗೋಲುಗಳ ಸರದಾರ.

ನೆವಿಲ್ 1980ರಲ್ಲಿ, ಐವತ್ತು ತುಂಬುವ ಮೊದಲೇ ಹೋಗಿಬಿಟ್ಟರು. ಅವರು ಆಡಿದ ಮುಂಬಯಿಯ ಪಕ್ಕದ ನವಿಮುಂಬಯಿಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2017ರಲ್ಲಿ ಹದಿನೇಳರೊಳಗಿನ ಹುಡುಗರ ವಿಶ್ವಕಪ್ ಪಂದ್ಯಗಳು, 2022ರಲ್ಲಿ ಹುಡುಗಿಯರ ವಿಶ್ವಕಪ್ ಫೈನಲ್ ನಡೆದವು. ಸುತ್ತಲಿನ ಡೊಂಬಿವಲಿ, ಕಲ್ಯಾಣದ ಎಷ್ಟೋ ಮಕ್ಕಳಿಗೆ ವಿಶ್ವಮಟ್ಟದ ಫುಟ್‌ಬಾಲ್ ಈಗ ಮನೆ ಹತ್ತಿರದ ಸಂಗತಿ. ಆ ಮಕ್ಕಳಿಗೆ ಮೆಸ್ಸಿಯ ಜೊತೆಗೆ ನೆವಿಲ್‌ರ ಹೆಸರನ್ನೂ ಹೇಳಿಕೊಡಬೇಕು, ಒಂಬತ್ತನೇ ನಿಮಿಷದ ಆ ಗೋಲಿನ ಸಮೇತ.