ಮೊದಲ ಸೆಮಿಸ್ಟರಿನ ಅಂಕಪಟ್ಟಿ ಮಗಳ ಹಣೆಬರಹವಲ್ಲ

ಪಿ.ಯು.ಸಿ.ಯಲ್ಲಿ ಸೊಗಸಾಗಿ ಅಂಕ ತೆಗೆದ ಹುಡುಗಿ ಬಿ.ಎಸ್‌ಸಿ. ಸೇರುತ್ತಾಳೆ. ಮೊದಲ ಸೆಮಿಸ್ಟರಿನ ಫಲಿತಾಂಶ ಬಂದ ದಿನ ಮನೆಯಲ್ಲಿ ಯಾರ ಮುಖದಲ್ಲೂ ಗೆಲುವಿಲ್ಲ. “ಎಂಬತ್ತೈದು ತೆಗೀತಿದ್ದೋಳು ಐವತ್ತಕ್ಕೆ ಇಳಿದ್ಲಲ್ಲ, ಇನ್ನು ಎಂ.ಎಸ್‌ಸಿ. ಮಾತೆಲ್ಲಿ ಬಂತು? ಹೇಗೋ ಡಿಗ್ರಿ ಮುಗಿಸ್ಲಿ, ಗಂಡು ನೋಡೋಣ” ಎಂದು ಹಿರಿಯರು ತೀರ್ಪು ಕೊಟ್ಟೇಬಿಡುತ್ತಾರೆ. ನಿಮ್ಮ ಮನೆಯಲ್ಲೂ ಇಂಥ ಮಾತು ಎದ್ದಿದ್ದರೆ, ತೀರ್ಪಿಗೆ ಮುಂಚೆ ಸ್ವಲ್ಪ ಲೆಕ್ಕ ಹಾಕೋಣ ಬನ್ನಿ.

ಅಂಕ ಇಳಿಯುವುದೇಕೆ?

ದಡ್ಡತನ ಕಾರಣವಾಗಿರುವುದು ಅಪರೂಪ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಇಂಗ್ಲಿಷಿನ ದಪ್ಪ ಪುಸ್ತಕಗಳು ಇನ್ನೂ ಪೂರ್ತಿ ಒಗ್ಗಿರುವುದಿಲ್ಲ. ಮಾದರಿ ಉತ್ತರಗಳನ್ನು ಉರುಹೊಡೆದರೆ ಸಾಲದು, ಸಮಸ್ಯೆ ಬಿಡಿಸಬೇಕು. ಪ್ರಯೋಗಶಾಲೆಯ ರೆಕಾರ್ಡ್ ಬರೆಯಬೇಕು. ಜೊತೆಗೆ ಹಾಸ್ಟೆಲಿನ ವಾಸವೋ, ದಿನಾ ಎರಡು ಬಸ್ಸಿನ ಓಡಾಟವೋ ಇರುತ್ತದೆ. ಹೊಸ ನೀರಿಗೆ ಹೊಂದಿಕೊಳ್ಳಲು ಆರು ತಿಂಗಳು ಹಿಡಿದರೆ ಆಶ್ಚರ್ಯವೇನು? ಮೊದಲ ದೋಸೆ ಕಾವಲಿಗೆ ಅಂಟಿತೆಂದು ಹಿಟ್ಟನ್ನೇ ಚೆಲ್ಲುತ್ತೇವೆಯೇ?

ಲೆಕ್ಕ ಏನು ಹೇಳುತ್ತದೆ?

ಕರ್ನಾಟಕದಲ್ಲಿ ೨೦೨೪-೨೫ರಿಂದ ಮತ್ತೆ ಮೂರು ವರ್ಷದ ಪದವಿ ಜಾರಿಗೆ ಬಂದಿದೆ. ಅಂದರೆ ಆರು ಸೆಮಿಸ್ಟರ್. ಎಲ್ಲಕ್ಕೂ ಸಮಾನ ಅಂಕವೆಂದು ಇಟ್ಟುಕೊಳ್ಳಿ. ಮೊದಲ ಎರಡರಲ್ಲಿ ನೂರಕ್ಕೆ ೫೦ರಂತೆ ಬಂದಿದೆ. ಉಳಿದ ನಾಲ್ಕರಲ್ಲಿ ಸರಾಸರಿ ೬೫ ಬಂದರೆ ಒಟ್ಟು ಸರಾಸರಿ ೬೦ಕ್ಕೆ ಮುಟ್ಟುತ್ತದೆ. ಅದೇ ನಾಲ್ಕು ಸೆಮಿಸ್ಟರ್ ೫೦ರಲ್ಲೇ ಕಳೆದು ಆಮೇಲೆ ಎಚ್ಚೆತ್ತರೆ, ಕೊನೆಯ ಎರಡರಲ್ಲಿ ೮೦ ತೆಗೆಯಬೇಕಾಗುತ್ತದೆ! ಎಡವಿದ್ದರಿಂದ ಆದ ನಷ್ಟಕ್ಕಿಂತ ಎದ್ದು ನಿಲ್ಲಲು ತಡಮಾಡಿದ್ದರ ನಷ್ಟವೇ ದೊಡ್ಡದು.

ಎಲ್ಲಿ ಲೆಕ್ಕಕ್ಕೆ ಬರುತ್ತದೆ, ಎಲ್ಲಿ ಇಲ್ಲ?

ಆರಂಭದ ಅಂಕಕ್ಕೆ ಬೆಲೆಯೇ ಇಲ್ಲವೆಂದು ಮಗಳಿಗೆ ಸಮಾಧಾನ ಹೇಳಬೇಡಿ, ಅದು ನಿಜವಲ್ಲ. ಪದವಿಯ ಅಂಕದ ಮೇಲೆ ಎಂ.ಎಸ್‌ಸಿ. ಸೀಟು ಹಂಚುವ ಕಡೆ ಅರ್ಧ ಅಂಕಕ್ಕೂ ಸೀಟು ತಪ್ಪಬಹುದು. ಬೇಸಿಗೆ ರಜೆಯಲ್ಲಿ ವಿಜ್ಞಾನಿಗಳ ಬಳಿ ಕೆಲಸ ಕಲಿಸುವ ಫೆಲೋಶಿಪ್‌ಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ ಇಂಥವನ್ನು ನಡೆಸುತ್ತ ಬಂದಿವೆ. ಎರಡನೆಯ ವರ್ಷದಲ್ಲಿ ಅರ್ಜಿ ಹಾಕುವವಳ ಕೈಯಲ್ಲಿ ಇರುವುದೇ ಮೊದಲ ಸೆಮಿಸ್ಟರುಗಳ ಅಂಕ.

ಆದರೆ ಪ್ರವೇಶ ಪರೀಕ್ಷೆಯ ದಾರಿ ಬೇರೆ. ಐ.ಐ.ಟಿ.ಗಳ ಎಂ.ಎಸ್‌ಸಿ.ಗೆ ‘ಜ್ಯಾಮ್’ ಪರೀಕ್ಷೆಯಿದೆ: ಮೂರು ಗಂಟೆ, ನೂರು ಅಂಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌.ಡಿ.ಗೂ ಅದೊಂದು ಬಾಗಿಲು; ಅಲ್ಲಿ ಸಂದರ್ಶನವೂ ಉಂಟು. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ೨೦೨೨ರಿಂದ ‘ಸಿಯುಇಟಿ-ಪಿಜಿ’ ಬಂದಿದೆ. ಇಲ್ಲಿ ಮುಖ್ಯವಾಗುವುದು ಪರೀಕ್ಷೆಯಲ್ಲಿ ತೆಗೆದ ಅಂಕ. ಪದವಿಯ ಕನಿಷ್ಠ ಅಂಕದ ಷರತ್ತು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಆಯಾ ವರ್ಷದ ಪ್ರಕಟಣೆ ನೋಡಿಯೇ ತಿಳಿಯಬೇಕು.

ಮುಂದೆ ಪಿಎಚ್‌.ಡಿ.ಯ ಮಾತು. ಯುಜಿಸಿಯ ೨೦೨೨ರ ನಿಯಮದಂತೆ ಎಂ.ಎಸ್‌ಸಿ.ಯಲ್ಲಿ ಶೇಕಡಾ ೫೫ ಬೇಕು. ಮೀಸಲು ವರ್ಗಗಳಿಗೆ ಐದರ ರಿಯಾಯಿತಿಯಿದೆ. ನಾಲ್ಕು ವರ್ಷದ ಪದವಿಯಿಂದ ನೇರವಾಗಿ ಹೋಗುವುದಾದರೆ ಒಟ್ಟಾರೆ ಶೇಕಡಾ ೭೫ ಇರಬೇಕು. ಹಾಗೆ ಹೋಗುವವರಿಗೆ ಮೊದಲ ಸೆಮಿಸ್ಟರೂ ಭಾರವೇ. ಎಂ.ಎಸ್‌ಸಿ. ಮಾಡಿ ಹೋಗುವವರಿಗೆ ಬಿ.ಎಸ್‌ಸಿ.ಯ ಹಳೆಯ ಅಂಕ ಅಷ್ಟು ಕಾಡದು. ಅಮೆರಿಕದ ವಿಶ್ವವಿದ್ಯಾಲಯಗಳು ಎಲ್ಲ ಸೆಮಿಸ್ಟರಿನ ಅಂಕಪಟ್ಟಿಯನ್ನೂ ಕೇಳುತ್ತವೆ. ಅದರ ಜೊತೆಗೆ ಅಧ್ಯಾಪಕರ ಶಿಫಾರಸು ಪತ್ರ, ಸಂಶೋಧನೆಯ ಅನುಭವ ಎಲ್ಲವನ್ನೂ ತೂಗುತ್ತವೆ. ೫೦ರಿಂದ ೭೫ಕ್ಕೆ ಏರಿದ ಪಟ್ಟಿ ಅಲ್ಲಿ ತನ್ನ ಕತೆಯನ್ನು ತಾನೇ ಹೇಳುತ್ತದೆ.

ತಾಯಿ ಏನು ಮಾಡಬಹುದು?

ಬೈಯುವ ಮುಂಚೆ ಅಂಕಪಟ್ಟಿ ಹಿಡಿದು ಮಗಳ ಪಕ್ಕ ಕೂತುಕೊಳ್ಳಿ. ಯಾವ ವಿಷಯದಲ್ಲಿ ಹೋಯ್ತು, ಆಂತರಿಕ ಅಂಕದಲ್ಲೋ ಬರೆದ ಪರೀಕ್ಷೆಯಲ್ಲೋ, ಕೇಳಿ. ಅಂಕದ ಬಗ್ಗೆ ನಿಜವಾದ ಅನುಮಾನವಿದ್ದರೆ ಮರುಮೌಲ್ಯಮಾಪನಕ್ಕೆ ಗಡುವಿನೊಳಗೆ ಅರ್ಜಿ ಹಾಕಿಸಿ. ಫೇಲಾದ ವಿಷಯವಿದ್ದರೆ ಮೊದಲ ಅವಕಾಶದಲ್ಲೇ ಕಟ್ಟಿಸಿ. ಕೊನೆಯ ವರ್ಷಕ್ಕೆ ಉಳಿಸಿಕೊಂಡರೆ ಪ್ರವೇಶ ಪರೀಕ್ಷೆಯ ಓದಿಗೂ ಅದೇ ಅಡ್ಡಿ. ಅಧ್ಯಾಪಕರ ಹತ್ತಿರ ಸಂಕೋಚವಿಲ್ಲದೆ ಸಂದೇಹ ಕೇಳುವ ಅಭ್ಯಾಸ ಮಾಡಿಸಿ. ನಾಳೆ ಶಿಫಾರಸು ಬರೆಯಬೇಕಾದವರೂ ಅವರೇ. ಪರೀಕ್ಷೆಯ ಸಮಯದಲ್ಲಿ ಪಾತ್ರೆ, ನೆಂಟರ ಉಪಚಾರ ಎಲ್ಲವನ್ನೂ ಅವಳ ತಲೆಗೆ ಕಟ್ಟಬೇಡಿ. ಮನೆಯಲ್ಲಿ ಅಣ್ಣತಮ್ಮಂದಿರಿಗೂ ಎರಡು ಕೈಗಳಿವೆ, ಅಲ್ಲವೇ?

ಒಂದು ಹಳೆಯ ಸಂಗತಿ ನೆನಪಿಡಿ. ೧೯೩೩ರಲ್ಲಿ ಮುಂಬಯಿಯ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಬಿ.ಎಸ್‌ಸಿ.ಯಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಆಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್, ಹೆಣ್ಣೆಂಬ ಕಾರಣಕ್ಕೆ ಒಲ್ಲೆ ಎಂದರು. ಆಕೆ ಬಿಡದೆ ಹಟಹಿಡಿದು ಷರತ್ತುಗಳ ಮೇಲೆ ಸೇರಿದರು. ೧೯೩೯ರಲ್ಲಿ ಕೇಂಬ್ರಿಜ್‌ನ ಡಾಕ್ಟರೇಟ್ ಪಡೆದರು. ಅಂದು ಅತ್ಯುತ್ತಮ ಅಂಕವಿದ್ದರೂ ಬಾಗಿಲು ಮುಚ್ಚಿತ್ತು. ಇಂದು ಬಾಗಿಲು ತೆರೆದಿದೆ. ಒಂದು ಸೆಮಿಸ್ಟರಿನ ಕಡಿಮೆ ಅಂಕ ನೋಡಿ ಅದನ್ನು ಮನೆಯವರೇ ಮುಚ್ಚುವುದು ಬೇಡ.