ಸಿಮೆಂಟ್ ಸೀಮೆಯ ಉಸ್ತಾದರು

ಕಲಬುರಗಿ ಜಿಲ್ಲೆಯ ಸಿಮೆಂಟ್ ಸೀಮೆಯಲ್ಲಿ ಗ್ಯಾರೇಜ್ ಕಸುಬು ಬೆಳೆದದ್ದು ಸುಣ್ಣದಕಲ್ಲಿನ ಆಸರೆಯಲ್ಲಿ. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ವಾಡಿಗೆ ಬಂದು ಮುಂಬೈ-ಮದ್ರಾಸ್ ಮಾರ್ಗವನ್ನು ಕೂಡಿಕೊಂಡಿತು. ಮುಂದೆ ಶಹಾಬಾದ್, ವಾಡಿಗಳಲ್ಲಿ ಎಸಿಸಿ, ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ, ಚಿಂಚೋಳಿ ತಾಲ್ಲೂಕಿನಲ್ಲಿ ಚೆಟ್ಟಿನಾಡ್ ಸಿಮೆಂಟ್ ಕಾರ್ಖಾನೆಗಳು ತಲೆ ಎತ್ತಿದವು. ಫರ್ಸಿ ಕಲ್ಲು ಹೊತ್ತ ಲಾರಿ, ಟಿಪ್ಪರ್, ಸಿಮೆಂಟ್ ತುಂಬಿದ ಬಲ್ಕರ್ ಎಲ್ಲಿ ಕೆಟ್ಟು ನಿಲ್ಲುತ್ತವೋ ಅಲ್ಲಿ ಒಬ್ಬ ಉಸ್ತಾದ್, ಅಂದರೆ ಪಳಗಿದ ಮೆಕ್ಯಾನಿಕ್, ಹುಟ್ಟಿಕೊಂಡ. ಅವನ ಕೈಕೆಳಗೆ ಪಾನಾ ಹಿಡಿದ ಹುಡುಗ ಹತ್ತು ವರ್ಷಕ್ಕೆ ತಾನೂ ಉಸ್ತಾದ್ ಆದ.

ಇಂಥ ಊರಲ್ಲಿ ವಿದೇಶದಿಂದ ಪೂರ್ತಿ ತಯಾರಾಗಿ ಬಂದ ಬಿರುಸಿನ ಕಾರು ಇಟ್ಟುಕೊಂಡರೆ ಯಾರ ಕೈಗೆ ಕೊಡಬೇಕು? ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಅನ್ನೇ ನೋಡಿ. 2020ರಲ್ಲಿ ಇಡೀ ಭಾರತಕ್ಕೆ ಮಾರಾಟಕ್ಕೆ ಇಟ್ಟದ್ದು 200 ಕಾರು ಮಾತ್ರ. ಇಂಥದ್ದನ್ನು ಬಿಚ್ಚಿ ಕೈ ಪಳಗಿದವರು ದೊಡ್ಡ ನಗರದಲ್ಲೂ ವಿರಳ. ಸೇಡಂ, ಚಿಂಚೋಳಿಯವರಿಗೆ ಬೆಂಗಳೂರಿಗಿಂತ ತಾಂಡೂರು ದಾಟಿದರೆ ಸಿಗುವ ಹೈದರಾಬಾದ್ ಎಷ್ಟೋ ಹತ್ತಿರ. ದೊಡ್ಡ ರಿಪೇರಿಗೆ ಅಲ್ಲಿಗೇ ಹೋಗಬೇಕು. ಆದರೆ ವರ್ಷವಿಡೀ ಕಾರನ್ನು ಕಾಯುವವನು ಊರಿನ ಉಸ್ತಾದನೇ. ಅವನನ್ನು ಆರಿಸಿಕೊಳ್ಳುವುದರಲ್ಲಿ ಎಡವಬಾರದು.

ಇಲ್ಲಿನ ಮೊದಲ ಶತ್ರು ದೂಳು. ಈ ಕಾರಿನ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಚಕ್ರ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಆ ವೇಗದಲ್ಲಿ ದೂಳಿನೊಳಗಿನ ಮರಳಿನ ಕಣ ಬಡಿದರೆ ಅಲ್ಯೂಮಿನಿಯಂ ರೆಕ್ಕೆಯ ಅಂಚು ಸವೆಯುತ್ತದೆ. ಬಲ್ಲ ಉಸ್ತಾದ್ ಏರ್ ಫಿಲ್ಟರ್ ತೆಗೆದವನೇ ಅದರ ಆಚೆಗಿನ ಪೈಪಿನೊಳಗೆ ಬೆರಳು ಆಡಿಸುತ್ತಾನೆ. ಬೆರಳಿಗೆ ಬಿಳಿ ಪುಡಿ ಅಂಟಿದರೆ ಫಿಲ್ಟರ್ ತಪ್ಪಿಸಿ ಗಾಳಿ ಒಳಗೆ ನುಗ್ಗುತ್ತಿದೆ ಎಂದೇ ಲೆಕ್ಕ. ಆಮೇಲೆ ಟರ್ಬೊದ ಬಾಯಿ ಬಿಚ್ಚಿ, ಚಕ್ರದ ನಡುವಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸುತ್ತಾನೆ. ಅಕ್ಕಪಕ್ಕ ಚೂರು ಆಡಿದರೆ ಅಡ್ಡಿಯಿಲ್ಲ, ಹಿಂದೆ ಮುಂದೆ ಆಡಬಾರದು. ಈ ಪರೀಕ್ಷೆ ಮಾಲೀಕನ ಎಷ್ಟೋ ಸಾವಿರ ಉಳಿಸುತ್ತದೆ. ಟಿಪ್ಪರ್ ಫಿಲ್ಟರಿಗೆ ಜೋರಾಗಿ ಹವಾ ಹೊಡೆದು ಮತ್ತೆ ಹಾಕುವ ರೂಢಿ ಇಲ್ಲಿ ಹಳೆಯದು. ಅದೇ ಕೆಲಸವನ್ನು ಈ ಕಾರಿನ ಕಾಗದದ ಫಿಲ್ಟರಿಗೂ ಮಾಡುವವನಿಂದ ದೂರ ಇರಿ. ಕಾಗದ ಕಣ್ಣಿಗೆ ಕಾಣದಷ್ಟು ಹರಿದರೂ ಸಾಕು, ಫಿಲ್ಟರ್ ಇದ್ದೂ ಇಲ್ಲದಂತೆ.

“ಗಾಡಿ ಪಿಕಪ್ ತಗೊಳವಲ್ದು” ಎಂದು ಹೋದಾಗ ಮನುಷ್ಯನ ಗುಣ ತಿಳಿಯುತ್ತದೆ. ಸ್ಕ್ಯಾನರ್ ಪಿ0299 ಎಂಬ ದೋಷಸಂಕೇತ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಟರ್ಬೊ ಒತ್ತಡ ಸಾಲದು ಎಂದಷ್ಟೇ ಅದರ ಅರ್ಥ. ಆತುರದವನು ಟರ್ಬೊನೇ ಹೋಗಿದೆ ಎಂದು ಲಕ್ಷದ ಲೆಕ್ಕ ಬರೆಯುತ್ತಾನೆ. ನಂಬಬಹುದಾದವನು ಮೊದಲು ಸಡಿಲಾದ ಕ್ಲಾಂಪ್, ಸೀಳಿದ ರಬ್ಬರ್ ಹೋಸ್ ಹುಡುಕುತ್ತಾನೆ. ಬೇಕಾದರೆ ಪೈಪಿಗೆ ಹೊಗೆ ಬಿಟ್ಟು ಅದು ಎಲ್ಲಿ ಸೋರುತ್ತದೆಂದು ನೋಡುತ್ತಾನೆ. ಬದಲಿಸಿದ ಹಳೆ ಪಾರ್ಟನ್ನು ಕೇಳುವ ಮೊದಲೇ ನಿಮ್ಮ ಕೈಗಿಡುತ್ತಾನೆ. ಆಯಿಲ್ ಹಾಕುವ ಮುಂಚೆ ಡಬ್ಬಿಯ ಹಿಂದೆ 502 00, 504 00ದಂಥ ಅನುಮೋದನೆ ಸಂಖ್ಯೆ ಓದಿ ಕಾರಿನ ಪುಸ್ತಕದ ಜೊತೆ ತಾಳೆ ನೋಡುತ್ತಾನೆ. ದಪ್ಪದ ಅಂಕಿಯನ್ನಷ್ಟೇ ನೋಡಿ “5ಡಬ್ಲ್ಯೂ-30 ಅದಲ್ರಿ, ನಡೀತದ” ಎನ್ನುವುದಿಲ್ಲ.

ಈ ಕಾರಿನ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಟ್ಟರೆ “ಇದು ನನ್ನ ಕೆಲಸ ಅಲ್ರಿ, ಹೈದರಾಬಾದಿಗೆ ಒಯ್ರಿ” ಎಂದು ಮುಖಕ್ಕೇ ಹೇಳುವವನು ನನ್ನ ಕಣ್ಣಿಗೆ ಎಲ್ಲರಿಗಿಂತ ದೊಡ್ಡವನು. ಹಗ್ಗ ಕಟ್ಟಿ ಎಳೆಯಲು ಅವನು ಬಿಡುವುದಿಲ್ಲ. ನಾಲ್ಕೂ ಗಾಲಿ ಮೇಲಿಟ್ಟು ಒಯ್ಯುವ ಗಾಡಿಯನ್ನೇ ಕರೆಸುತ್ತಾನೆ.

ಈ ಉಸ್ತಾದರಿಗೆ ಬುದ್ಧಿಯ ಕೊರತೆಯಿಲ್ಲ. ಇರುವ ಕೊರತೆ ಮಾಹಿತಿಯದು, ಉಪಕರಣದ್ದು. ಕಂಪನಿಯ ಸ್ಕ್ಯಾನರ್, ದುರಸ್ತಿ ಕೈಪಿಡಿ, ಅಸಲಿ ಬಿಡಿಭಾಗ ಹೊರಗಿನ ಗ್ಯಾರೇಜಿಗೆ ಸುಲಭವಾಗಿ ಸಿಗುವುದಿಲ್ಲ. ಇದೇ ವಿಷಯಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗ, ದೋಷ ಪತ್ತೆ ಉಪಕರಣಗಳನ್ನು ಸ್ವತಂತ್ರ ಗ್ಯಾರೇಜುಗಳಿಗೂ ಒದಗಿಸಬೇಕೆಂದು ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. ಇದರ ಫಲ ವಾಡಿಯ ಶೆಡ್ಡಿನವರೆಗೂ ಮುಟ್ಟಬೇಕು. 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ ಜಾರಿಯಾದ ಮೇಲೆ ಟಿಪ್ಪರ್ ಕೂಡ ಸೆನ್ಸರ್‌ಗಳ ಗಾಡಿ. ಕಲಿಕೆ ಬೇಕಾಗಿರುವುದು ಶ್ರೀಮಂತರ ಕಾರಿಗಷ್ಟೇ ಅಲ್ಲ.

ಕಾರು ಕೊಳ್ಳುವ ಮುಂಚೆಯೇ ಒಬ್ಬ ಉಸ್ತಾದನನ್ನು ಗೊತ್ತು ಮಾಡಿಕೊಳ್ಳಿ. ಬಿಚ್ಚದೆ, ಬದಲಿಸದೆ, ಬರೀ ದೋಷ ಹುಡುಕಿಕೊಟ್ಟದ್ದಕ್ಕೂ ಅವನಿಗೆ ದುಡ್ಡು ಕೊಡಿ. ನೋಡಿದ್ದಕ್ಕೆ ಕೂಲಿ ಸಿಗದಿದ್ದರೆ ಅವನು ಬಿಡಿಭಾಗ ಮಾರಿಯೇ ಹೊಟ್ಟೆ ಹೊರೆಯಬೇಕಾಗುತ್ತದೆ.