‘ಹೋಗಿ ಬರ್ತೀನಿ’ ಎಂಬ ಭರವಸೆ: ಕೆಲಸ ಬಿಡುವ ಸಮಾಜಕಾರ್ಯಕರ್ತರು ಮತ್ತು ಹೊಸೂರು ಗಡಿಯ ಮಾತು

ಕನ್ನಡ ಎಂ.ಎ. ಓದುವವರಿಗೆ ಸಮಾಜಕಾರ್ಯದ ವಿಷಯ ಯಾಕೆ ಅಂತ ನೀವು ಕೇಳಬಹುದು. ನಾನು ಹಿಡಿದುಕೊಂಡಿರೋದು ಒಂದು ಮಾತನ್ನ: ‘ಹೋಗಿ ಬರ್ತೀನಿ’. ಹೊಸೂರು, ತಳಿ, ಡೆಂಕಣಿಕೋಟೆ ಭಾಗದಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಮನೆಮಾತುಗಳು. ತಮಿಳಿನಲ್ಲಿ ‘ಪೋಯಿಟ್ಟು ವರೇನ್’, ತೆಲುಗಿನಲ್ಲಿ ‘ಪೋಯೊಸ್ತಾ’. ಬರೀ ‘ಹೋಗ್ತೀನಿ’ ಅಂದರೆ ಅಶುಭ. ಆದರೆ ಕೆಲಸ ಬಿಡುತ್ತಿರುವ ಕಾರ್ಯಕರ್ತೆ ಹೀಗಂದರೆ, ಸೇವಾರ್ಥಿ ಅದನ್ನು ಭರವಸೆ ಅಂತಲೇ ಕೇಳಿಸಿಕೊಳ್ಳುತ್ತಾಳೆ.

1996ರಲ್ಲಿ ಮುಂಬೈಯಲ್ಲಿ ಶುರುವಾದ 1098 ಮಕ್ಕಳ ಸಹಾಯವಾಣಿಯನ್ನು ಬಹುಕಾಲ ಸ್ವಯಂಸೇವಾ ಸಂಸ್ಥೆಗಳು ನಡೆಸಿದವು. 2023ರಲ್ಲಿ ಅದು ಮಿಷನ್ ವಾತ್ಸಲ್ಯದ ಅಡಿ ಸರ್ಕಾರಿ ವ್ಯವಸ್ಥೆಗೆ ಸೇರತೊಡಗಿತು. ಸಂಖ್ಯೆ ಅದೇ ಉಳಿಯಿತು, ಹಿಂದಿದ್ದ ಎಷ್ಟೋ ಮುಖಗಳು ಬದಲಾದವು. ಕೃಷ್ಣಗಿರಿಯ ಬೆಟ್ಟದ ಹಳ್ಳಿಗಳ ಬಾಲ್ಯವಿವಾಹವನ್ನೇ ನೋಡಿ. ಮದುವೆ ತಡೆದ ದಿನಕ್ಕೆ ಕೆಲಸ ಮುಗಿಯೋದಿಲ್ಲ. ಹುಡುಗಿ ಶಾಲೆಗೆ ಮರಳಿದಳೇ, ಮನೆಯವರು ಮತ್ತೆ ದಿನ ಗೊತ್ತುಮಾಡಿದರೇ ಅಂತ ಹೋಗಿ ನೋಡುತ್ತಿರಬೇಕು. ‘ಬರ್ತೀನಿ’ ಅಂದ ಅಕ್ಕ ಬರದೇ ಹೋದರೆ, ಹುಡುಗಿ ಅವಳಿಗಾಗಿ ಕಾಯುತ್ತಾಳೆ. ಬೇರೆ ಯಾರನ್ನೂ ಕರೆಯೋದಿಲ್ಲ.

ಅಮೆರಿಕದ ರಾಷ್ಟ್ರೀಯ ಸಮಾಜಕಾರ್ಯಕರ್ತರ ಸಂಘದ ನೀತಿಸಂಹಿತೆ ಇದನ್ನು ನೇರವಾಗಿ ಹೇಳುತ್ತದೆ: ಕೆಲಸ ಬಿಡುವವರು ಸೇವೆ ಮುಂದುವರಿಯುವ ದಾರಿಗಳನ್ನೂ ಅವುಗಳ ಲಾಭ, ಅಪಾಯಗಳನ್ನೂ ಸೇವಾರ್ಥಿಗೆ ತಿಳಿಸಬೇಕು. ನಮ್ಮ ಪೋಕ್ಸೊ ನಿಯಮಗಳ ಪ್ರಕಾರ ಮಗು ಮತ್ತು ಪೋಷಕರು ಬೆಂಬಲ ವ್ಯಕ್ತಿ ಬೇಡ ಅಂದರೆ ಕಾರಣ ಕೊಡಬೇಕಿಲ್ಲ. ಹೊರಡುವ ಕಾರ್ಯಕರ್ತರಿಗೆ ಈ ವಿನಾಯಿತಿ ಸಲ್ಲದು. ಅವರು ಕಾರಣ ಹೇಳಲೇಬೇಕು. ಇಲ್ಲದಿದ್ದರೆ ಮಗು ತನ್ನದೇ ತಪ್ಪು ಅಂದುಕೊಳ್ಳುತ್ತದೆ.

ಆಚರಣೆಯಲ್ಲಿ ಇದರ ಅರ್ಥ ಏನು? ಕೊನೆಯ ಭೇಟಿಯ ದಿನವನ್ನು ವಾರಗಳ ಮೊದಲೇ ಹೇಳುವುದು. ಹೊಸಬರನ್ನು ಒಮ್ಮೆಯಾದರೂ ಜೊತೆಗೆ ಕರೆದೊಯ್ಯುವುದು. ಇನ್ನೊಂದು ನಮ್ಮ ಗಡಿಗೇ ವಿಶೇಷವಾದದ್ದು: ಹುಡುಗಿ ಕನ್ನಡದಲ್ಲಿ ಮಾತಾಡುತ್ತಾಳೆ, ಕಡತ ತಮಿಳಿನಲ್ಲಿರುತ್ತದೆ. ಹಾಗಾಗಿ ‘ಮನೆಮಾತು ಕನ್ನಡ’ ಅಂತ ಕಡತದಲ್ಲಿ ಬರೆದಿಡಬೇಕು, ಕನ್ನಡ ಬಲ್ಲವರನ್ನೇ ಕೇಳಬೇಕು. ಸ್ವಂತ ಮೊಬೈಲ್ ನಂಬರ್ ಕೊಟ್ಟು ಹೊರಟುಬಿಡೋದು ಸುಲಭ. ಅದು ಎತ್ತದ ಫೋನ್ ಆದ ದಿನ ಹುಡುಗಿಗೆ ಮತ್ತೆ ಯಾರೂ ಇರೋದಿಲ್ಲ.

ಹಾಗಾದರೆ ಹೊರಡುವಾಗ ಏನನ್ನಬೇಕು? ‘ಇನ್ಮುಂದೆ ನಾನು ಬರಲ್ಲ ಕಣಮ್ಮ, ಈ ಅಕ್ಕ ಬರ್ತಾರೆ.’ ಇದು ಕಿವಿಗೆ ಒರಟು ನಿಜ. ಆದರೆ ಮುಂದೆ ಯಾರನ್ನು ಕರೆಯಬೇಕು ಅನ್ನೋದು ಅವಳಿಗೆ ಗೊತ್ತಿರುತ್ತದೆ. ಇನ್ನು ಚರ್ಚೆಗೆ ಬಿಡುತ್ತೇನೆ.